ಯಾರ ಮೊಣಕಾಲುದ್ದ?

ಬನ್ರಪ್ಪಾ, ಬನ್ರವ್ವಾ, ಹತ್ತಿರ ಬನ್ನಿ. ಕೂತೋರು ಕಾಲು ಮಡಿಚಿ ಕೂತ್ಕೊಳ್ಳಿ, ನಿಂತೋರು ಗೋಡೆಗೆ ಒರಗಿ ನಿಂತ್ಕೊಳ್ಳಿ. ನಾನು ಹೇಳ್ತಾ ಹೋಗ್ತೀನಿ, ನೀವು ಹೂಂ ಅಂತ ಹೂಂಗುಡ್ತಾ ಇರಬೇಕು. ಹೂಂ ಅನ್ನದೋರ್ಗೆ ನಾನು ಕಥೆ ಹೇಳೋಳಲ್ಲ, ಮೊದಲೇ ಹೇಳಿದೀನಿ. ಅಂದ್ರಾ? ಹಾಂ, ಇನ್ನೊಂಚೂರು ಗಟ್ಟಿಯಾಗಿ.

ನಮ್ಮಜ್ಜಿಯ ಅಜ್ಜಿ ಇನ್ನೂ ಹುಟ್ಟದೇ ಇದ್ದ ಕಾಲ. ಯಾವುದೋ ಒಂದು ಸೀಮೆ. ಹೆಸರು ಕೇಳಬೇಡಿ, ಹೇಳಿದ್ರೆ ಆ ಸೀಮೆಯೋರು ಬಂದು ನನ್ನ ಜುಟ್ಟು ಹಿಡೀತಾರೆ. ಆ ಸೀಮೇಲೊಂದು ಕೆರೆ. ಏರಿ ಮೇಲೆ ನಿಂತು ಗಂಟಲು ಹರಿಯಂಗೆ ಕೂಗಿದ್ರೂ ಆಚೆ ದಡಕ್ಕೆ ಕೇಳದಷ್ಟು ದೊಡ್ಡ ಕೆರೆ. ಕೆರೆ ಕೆಳಗೆ ಗದ್ದೆ, ಗದ್ದೆ ಪಕ್ಕ ಊರು, ಊರ ತುದೀಲಿ ಕುಂಬಾರರ ಬೀದಿ. ಆ ಬೀದಿಯೋರು ಸುಡ್ತಿದ್ದದ್ದು ಹೆಂಚು. ಎಂಥಾ ಹೆಂಚು ಅಂತೀರಿ! ತಾತ ಹೊದಿಸಿದ ಮನೆಗೆ ಮೊಮ್ಮಗ ಒಂದು ಹೆಂಚು ಬದಲಾಯಿಸಿದ್ರೆ, ಹೊಸದು ಹಳೇದರ ಪಕ್ಕ ಸರಕ್ಕನೆ ಕೂತ್ಕೊಳ್ಳೋದು. ಕೂದಲೆಳೆ ಸಂದು ಇರ್ತಿರಲಿಲ್ಲ. ಹಡಗಿನೋರು ಬಂದು ಕೊಂಡ್ಕೊಂಡು ಹೋಗೋರು.

ಹೆಂಚಿಗೆ ಮಣ್ಣು ಬೇಕಲ್ಲ? ಮಣ್ಣು ಎಲ್ಲಿಂದ? ಕೆರೆಯಿಂದ. ಕೆರೆ ಏರಿ ಮೇಲೆ ಹಳೇ ಕಾಲದ ದೊರೆ ನೆಡಿಸಿದ ಶಾಸನದ ಕಲ್ಲಿತ್ತು. ಅದರಲ್ಲಿ ಕೊರೆದಿದ್ದು ಇಷ್ಟೇ: ಬೇಸಿಗೇಲಿ ನೀರು ಹಿಂದೆ ಸರಿದ ಮೇಲೆ ಮಣ್ಣು ತೆಗೆಯತಕ್ಕದ್ದು, ಮೊಣಕಾಲುದ್ದಕ್ಕಿಂತ ಆಳ ಹೋಗತಕ್ಕದ್ದಲ್ಲ.

ಯಾಕೆ ಹಂಗೆ? ಕೇಳಿ. ಮಳೆಗಾಲದಲ್ಲಿ ನೀರು ಮೇಲಿಂದ ಹೂಳು ಹೊತ್ಕೊಂಡು ಬಂದು ಕೆರೆಗೆ ತುಂಬುತ್ತೆ. ತೆಗೀದೆ ಬಿಟ್ರೆ ಕೆರೆ ಊಟದ ತಟ್ಟೆ ಆಗೋಗುತ್ತೆ, ನೀರು ನಿಲ್ಲಲ್ಲ. ಹಂಗಂತ ಬಾಯಿ ಬಿಟ್ಕೊಂಡು ತೆಗೆದ್ರೆ? ಅಡಿಯಲ್ಲಿರೋ ಜೇಡಿಮಣ್ಣು ಮುಗಿದು ಗೊರಚು ಬರುತ್ತೆ, ಕಲ್ಲುಮರಳಿನ ನೆಲ. ಗೊರಚು ನೀರು ಹಿಡಿಯಲ್ಲ, ಕುಡಿದು ಬಿಡುತ್ತೆ. ತಳ ತೆಳ್ಳಗಾದ ಗಡಿಗೇಲಿ ಯಾರಾದ್ರೂ ನೀರು ಇಡ್ತಾರಾ? ಹಂಗೇ ಕೆರೇನೂ. ಅದಕ್ಕೇ ಮೊಣಕಾಲುದ್ದ. ಕೆರೆಗೂ ಸರಿ, ಹೆಂಚು ಸುಡೋ ಆವಿಗೆಗೂ ಸರಿ.

ಅಳೆಯೋದು ಹೆಂಗೆ? ಮಣ್ಣು ತುಳಿಯೋ ಹೆಂಗಸು ಗುಂಡಿಗೆ ಇಳಿದು ನಿಲ್ಲೋಳು. ಗುಂಡಿ ಅಂಚು ಅವಳ ಮೊಣಕಾಲಿಗೆ ಮುಟ್ಟಿತೋ, "ಸಾಕು!" ಅಂತ ಕೂಗೋಳು. ಅವಳು ಸಾಕು ಅಂದ್ರೆ ಗುದ್ದಲಿ ನೆಲಕ್ಕೆ. ಎಂಥಾ ಗಂಡಸಾದ್ರೂ ಮರುಮಾತಿಲ್ಲ. ಇಪ್ಪತ್ತು ಬೇಸಿಗೆಯಿಂದ ಹಂಗೆ ನಿಲ್ತಿದ್ದೋಳು ಕೆಂಚಕ್ಕ. ಅವಳಿಗಿಂತ ಮುಂಚೆ ಅವಳ ಅತ್ತೆ. ಕೆಂಚಕ್ಕನಿಗೆ ಗಂಡ ಇಲ್ಲ, ಮಕ್ಕಳಿಲ್ಲ, ಕೈಯಲ್ಲಿ ಆಸ್ತಿ ಇಲ್ಲ. ಇದ್ದದ್ದು ಎರಡು ಕಾಲು, ಮತ್ತೆ ಆ ಕೆರೆ. ಅವಳ ಕಾಲಿಗೆ ಮಣ್ಣಿನ ಗುಣ ಗೊತ್ತಿತ್ತು. ಕಣ್ಣು ಮುಚ್ಕೊಂಡು ತುಳಿದು, ಇದು ಏರಿ ಕಡೇದು, ಇದು ತೂಬಿನ ಕಡೇದು ಅಂತ ಹೇಳೋಳು. ಹೊಸಬರು ಹೌಹಾರೋರು.

ಇಷ್ಟೆಲ್ಲಾ ಸರಿ. ಆದ್ರೆ ಆ ಕಲ್ಲು ನೆಡಿಸಿದೋರು ಒಂದು ತಪ್ಪು ಮಾಡಿದ್ರು. ಏನು ಗೊತ್ತಾ? ಮೊಣಕಾಲುದ್ದ ಅಂತ ಕೊರೆಸಿದ್ರು, ಯಾರ ಮೊಣಕಾಲು ಅಂತ ಕೊರೆಸಲಿಲ್ಲ. ಯಾಕೆ ಕೊರೆಸಬೇಕು? ಎಲ್ಲರಿಗೂ ಗೊತ್ತಲ್ಲ!

ಆ ಬೀದಿಯ ಹೆಂಚನ್ನೆಲ್ಲ ಕೊಂಡು ಹಡಗಿಗೆ ಸಾಗಿಸ್ತಿದ್ದೋನು ಮುದ್ದಪ್ಪ ಸಾಹುಕಾರ. ಹತ್ತು ಆವಿಗೆ ಅವನವೇ. ಮುನ್ನೂರು ಕೈಗೆ ಕೆಲಸ ಕೊಟ್ಟಿದ್ದ. ಕೆಟ್ಟೋನಾ? ಅಲ್ಲಪ್ಪ, ನಾನು ಹಂಗೆ ಹೇಳಲ್ಲ. ಕೆಲಸದೋಳ ಮಗಳ ಮದುವೆಗೆ ಅಕ್ಕಿ ಮೂಟೆ ಕಳಿಸಿದ್ದೋನು. ಆದ್ರೆ ಒಂದು ವರ್ಷ ಹಡಗಿನ ಕಟ್ಟೆಗೆ ಹೋದ ಅವನ ಗಾಡಿಗಳು ತುಂಬಿದ್ದು ತುಂಬಿದ ಹಂಗೇ ವಾಪಸ್ ಬಂದ್ವು. ಯಾಕಪ್ಪಾ ಅಂದ್ರೆ, ಬೆಟ್ಟದಾಚೆ ಸೀಮೆಯೋರು ಅರ್ಧ ಬೆಲೆಗೆ ಹೆಂಚು ಸುರೀತಿದ್ರು. ಅಲ್ಲಿ ಕಲ್ಲೂ ಇಲ್ಲ, ಕಟ್ಟಳೇನೂ ಇಲ್ಲ. ಹೊಳೆ ದಂಡೆ ಅಗಿ, ಗದ್ದೆ ಅಗಿ, ಬೇಕಾದ್ರೆ ಅತ್ತೆ ಮನೆ ಅಂಗಳ ಅಗಿ, ಯಾರೂ ಕೇಳಲ್ಲ.

ಮುದ್ದಪ್ಪನಿಗೆ ನಿದ್ದೆ ಹಾರಿಹೋಯ್ತು. ನೆಟ್ಟಗೆ ಅರಮನೆಗೆ ಹೋದ. ಅಡ್ಡಬಿದ್ದ.

"ಸ್ವಾಮೀ, ಆಚೆ ಸೀಮೆಯೋರು ಆಳುದ್ದ ತೋಡ್ತಾರೆ, ನಾವು ಮೊಣಕಾಲುದ್ದ ಕೆರೀತೀವಿ. ಕೈ ಕಟ್ಟಿ ಕುಸ್ತಿಗೆ ಬಿಟ್ರೆ ಗೆಲ್ಲೋದು ಹೆಂಗೆ? ಆ ಕಲ್ಲು ಕಿತ್ತು ಹಾಕ್ಸಿ. ಇಲ್ಲಾಂದ್ರೆ ಮುನ್ನೂರು ಮನೆ ಒಲೆ ಆರುತ್ತೆ."

ದೊರೆ ಹೊಸಬ. ಮೀಸೆ ಈಗ ತಾನೆ ತಿರುವೋಕೆ ಬರೋ ಅಷ್ಟು ಬೆಳೆದಿತ್ತು. ಅವನಿಗೆ ಆಚೆ ಸೀಮೆಯೋರ ಮುಂದೆ ತಲೆ ತಗ್ಗಿಸೋದು ಬೇಡ, ಹಿರೀಕರ ಕಲ್ಲು ಕಿತ್ತ ಅಂತ ಹೆಸರೂ ಬೇಡ. ಮಂತ್ರಿ ಕಡೆ ನೋಡಿದ. ಮಂತ್ರಿ ಗಂಟಲು ಸರಿ ಮಾಡ್ಕೊಂಡ. ಮಂತ್ರಿಗಳು ಗಂಟಲು ಸರಿ ಮಾಡ್ಕೊಂಡ್ರು ಅಂದ್ರೆ ನಾವು ನೀವು ಎಚ್ಚರ ಆಗಬೇಕು, ತಿಳೀತಾ?

"ಕಲ್ಲು ಯಾಕೆ ಕೀಳಬೇಕು? ಕಲ್ಲು ಇರಲಿ. ಮೊಣಕಾಲುದ್ದ ಅಂತಿದೆ. ಯಾರ ಮೊಣಕಾಲು ಅಂತ ಇಲ್ಲವಲ್ಲ" ಅಂದ.

ಅಷ್ಟೇ ಸಾಕಾಯ್ತು. ಮುದ್ದಪ್ಪ ಊರೂರು ಅಲೆದು ಒಬ್ಬ ಆಸಾಮಿನ ಹಿಡ್ಕೊಂಡು ಬಂದ. ಎಷ್ಟು ಉದ್ದ ಅಂದ್ರೆ, ಬಾಗಿಲಲ್ಲಿ ಬಗ್ಗಿ, ಒಳಗೂ ಬಗ್ಗಿ, ಊಟಕ್ಕೆ ಕೂತಾಗಲೂ ಬಗ್ಗೋ ಅಂಥೋನು. ಅವನ ಗುಂಡಿಗೆ ಇಳಿಸಿದ್ರು. ಕೆಂಚಕ್ಕ ಪಕ್ಕದಲ್ಲೇ ನಿಂತು ತನ್ನ ಮೊಣಕಾಲಿಗೆ ಅಂಚು ಮುಟ್ಟಿದ ಕೂಡಲೇ ಕೂಗಿದ್ಲು, "ಸಾಕು!"

ಗುದ್ದಲಿ ನಿಂತ್ವು. ಮಂತ್ರಿ ಏರಿ ಮೇಲಿಂದ ಹೇಳಿದ, "ಅಗೀರಿ. ಈವಯ್ಯನದೂ ಮೊಣಕಾಲೇ ತಾನೆ?"

"ಅದು ಮೊಣಕಾಲು ಹೌದು ಸ್ವಾಮಿ, ನನಗೆ ಅದು ತೊಡೆ!" ಅಂದ್ಲು ಕೆಂಚಕ್ಕ.

"ನಿನ್ನ ಹೆಸರು ಕಲ್ಲಲ್ಲಿದೆಯಾ?"

ಇರಲಿಲ್ಲ. ಅಗೆದ್ರು.

ಹೆಂಚು ಜಾಸ್ತಿ ಆಯ್ತು, ಬೆಲೆ ಇಳೀತು, ಗಾಡಿ ಖಾಲಿಯಾಗಿ ಬಂದ್ವು. ಮುದ್ದಪ್ಪ ಬೆಲ್ಲ ಹಂಚಿದ. ಆದ್ರೆ ಆಚೆ ಸೀಮೆಯೋರು ಸುಮ್ನೆ ಇರ್ತಾರಾ? ಅವರೂ ಇನ್ನೊಂದಾಳು ಆಳ ಹೋದ್ರು, ಇನ್ನೂ ಬೆಲೆ ಇಳಿಸಿದ್ರು. ಮುದ್ದಪ್ಪ ಮತ್ತೆ ಅರಮನೆಗೆ ಓಡಿದ. ಮಂತ್ರಿ ಮತ್ತೆ ಗಂಟಲು ಸರಿ ಮಾಡ್ಕೊಂಡ.

ಎರಡನೇ ಬೇಸಿಗೆಗೆ ಏನು ಬಂತು ಅಂತೀರಿ? ಪಟ್ಟದ ಆನೆ! ಗಂಟೆ ಢಣ್ ಢಣ್ ಅನ್ನಿಸ್ಕೊಂಡು ಕೆರೆ ಅಂಗಳಕ್ಕೆ ಇಳೀತು. ಮಾವುತ ಅದರ ಮುಂಗಾಲು ತೋರಿಸಿದ.

"ಇದು ಮೊಣಕಾಲು ತಾನೆ?" ಅಂದ ಮಂತ್ರಿ.

"ಆನೆ ಹೆಂಚು ಸುಡುತ್ತಾ ಸ್ವಾಮಿ?" ಅಂದ್ಲು ಕೆಂಚಕ್ಕ.

"ಕಲ್ಲಲ್ಲಿ ಮನುಷ್ಯರ ಮೊಣಕಾಲು ಅಂತಿದೆಯಾ?"

ಇರಲಿಲ್ಲ. ಅಗೆದ್ರು. ಗುಂಡಿ ಕೆಂಚಕ್ಕನ ಎದೆಮಟ್ಟ ಬಂತು. ಅವಳು ಬರಿಗಾಲಲ್ಲಿ ಗುಂಡಿ ತಳ ತುಳಿದು ನೋಡಿದ್ಲು. ಅಂಗಾಲಿಗೆ ತಣ್ಣಗಿನ ಜೇಡಿ ಸಿಗಲಿಲ್ಲ, ಚುರುಚುರು ಅನ್ನೋ ಕಲ್ಲು ಸಿಕ್ತು. ಎಲ್ಲಾ ಕಡೆ ಅಲ್ಲ, ಅಲ್ಲೊಂದು ಇಲ್ಲೊಂದು. ಜೇಡಿ ಇನ್ನೊಂದು ಗೇಣೂ ಉಳಿದಿರಲಿಲ್ಲ.

ಅವಳು ಏನು ಮಾಡಿದ್ಲು? ಮಂತ್ರಿನ, ಮುದ್ದಪ್ಪನ, ಊರೋರನ್ನ ಎಲ್ಲಾ ಕರೆದ್ಲು. ಮೂರು ಗಡಿಗೆ ನೀರು ತಂದ್ಲು. ತನ್ನ ಮೊಣಕಾಲಿನ ಹಳೇ ಗುಂಡಿಗೆ ಒಂದು ಗಡಿಗೆ ಸುರಿದ್ಲು. ನೀರು ನಿಂತ್ಕೊಂಡ್ತು, ಮುಖ ನೋಡ್ಕೊಳ್ಳೋ ಹಂಗೆ. ಉದ್ದನೆ ಆಸಾಮಿ ಗುಂಡಿಗೆ ಒಂದು ಗಡಿಗೆ ಸುರಿದ್ಲು. ಒಂದು ಎಲೆಅಡಿಕೆ ಜಗಿದು ಉಗಿಯೋದರೊಳಗೆ ಅರ್ಧ ಇಂಗಿತು. ಆನೆ ಗುಂಡಿಗೆ ಒಂದು ಗಡಿಗೆ ಸುರಿದ್ಲು. ಎಲೆಗೆ ಸುಣ್ಣ ಹಚ್ಚೋದರೊಳಗೆ ನೀರೇ ಇಲ್ಲ! ನೆಲ ಬರೀ ತೇವ.

"ನೋಡಿದ್ರಾ? ಕಣ್ಣಿದ್ದೋರು ನೋಡಿ! ಇನ್ನೊಂದು ಗುದ್ದಲಿ ಏಟು ಬಿದ್ರೆ ಮುಂದಿನ ಮಳೆಗೆ ಈ ಕೆರೇಲಿ ಕಪ್ಪೆಗೂ ನೀರಿರಲ್ಲ. ಗದ್ದೆ ಹೋಯ್ತು, ಬಾವಿ ಹೋಯ್ತು, ಊರು ಹೋಯ್ತು. ಆಮೇಲೆ ಮಣ್ಣು ಕಲಸೋಕೆ ನೀರು ಎಲ್ಲಿಂದ ತರ್ತೀರಾ ಸಾಹುಕಾರ್ರೇ, ನಿಮ್ಮ ಕಣ್ಣಿಂದ?"

ಮುದ್ದಪ್ಪನ ಮುಖ ಸಣ್ಣಗಾಯ್ತು. ಮೆತ್ತಗೆ ಅಂದ, "ನನಗೂ ಕಾಣುತ್ತೆ ಕೆಂಚಕ್ಕ. ಆದ್ರೆ ಈ ವರ್ಷ ನಿಲ್ಲಿಸಿದ್ರೆ ಈ ವರ್ಷವೇ ಸಾಯ್ತೀವಿ. ಕೆರೆ ಸಾಯೋದು ಮುಂದಿನ ವರ್ಷ."

ಕೇಳಿದ್ರಾ ಮಾತು? ನಮ್ಮೂರಲ್ಲೂ ಇಂಥ ಮಾತು ಆಡೋರು ಇದಾರೆ, ನಾನು ಯಾರ ಮುಖಾನೂ ನೋಡ್ತಿಲ್ಲ, ನೀನ್ಯಾಕಪ್ಪ ತಲೆ ತಗ್ಗಿಸ್ತೀಯಾ? ಇರಲಿ. ಮಂತ್ರಿ ಏನಂದ ಅಂದ್ರೆ, "ಗಡಿಗೆ ಸುರಿದು ನೋಡಬೇಕು ಅಂತ ಕಲ್ಲಲ್ಲಿ ಬರೆದಿಲ್ಲ." ಅಂದವನೇ ಪಲ್ಲಕ್ಕಿ ಹತ್ತಿದ.

ಮೂರನೇ ಸಲ ಮೊಣಕಾಲು ಯಾರದು? ಊಹಿಸಿ ನೋಡೋಣ. ಒಂಟೆ? ಅಲ್ಲ. ಜಿರಾಫೆ? ಅಯ್ಯೋ, ಆಗ ಅದನ್ನ ಯಾರು ಕಂಡಿದ್ರು! ಕೋಟೆ ಬಾಗಿಲಲ್ಲಿ ಒಂದು ಕಲ್ಲಿನ ಕಾವಲುಗಾರ ಇದ್ದ. ಒಂದೇ ಬಂಡೇಲಿ ಕಡೆದಿದ್ದು, ತಲೆ ಮೇಲೆ ಹದ್ದು ಗೂಡು ಕಟ್ಟಿತ್ತು. ಅವನ ಮೊಣಕಾಲು ಅಂದ್ರೆ ಇಬ್ಬರು ಆಳು ಒಬ್ಬರ ಹೆಗಲ ಮೇಲೊಬ್ಬರು ನಿಂತಷ್ಟು. ಮಂತ್ರಿ ಏಣಿ ಹಾಕ್ಸಿ, ಆ ಮೊಣಕಾಲಿಗೆ ಹಗ್ಗ ಹಿಡಿಸಿ, ಗಂಟು ಹಾಕ್ಸಿ, ಕೆರೆಗೆ ಕಳಿಸಿಬಿಟ್ಟ. ಆಗ ಅರಮನೇಲಿ ಹೊಸ ಚಾವಡಿ ಕಟ್ತಿದ್ರು, ಅದಕ್ಕೂ ಇದೇ ಬೀದಿಯ ಹೆಂಚು; ಆ ಹೆಂಚು ಹೋದ ಮಾರನೇ ದಿನದಿಂದ ಇದೇ ಅಳತೆ ಅಂತ ಡಂಗುರ ಹೊಡೆಸಿದ. ಹಗ್ಗ ಏರಿ ಮೇಲೆ ಸುರುಳಿ ಸುತ್ಕೊಂಡು ಬಿದ್ದಿತ್ತು.

ಊರೋರು ಅತ್ರು. ಕೆಲವರು ಬೇರೆ ಊರಿಗೆ ಹೋಗೋ ಮಾತಾಡಿದ್ರು. ಕೆಂಚಕ್ಕ ಅಳಲಿಲ್ಲ. ಆ ಹಗ್ಗ ನೋಡಿದ್ಲು, ನೋಡಿದ್ಲು, ನೋಡ್ತಾನೇ ಇದ್ಲು. ಸೆರಗು ಸೊಂಟಕ್ಕೆ ಸಿಗಿಸ್ಕೊಂಡು ಬೀದಿಗೆ ಬಂದು ಕೇಳಿದ್ಲು, "ಅರಮನೆ ಚಾವಡಿ ಹೆಂಚಿಗೆ ಅಳತೆ ಏನು ಕೊಟ್ಟಿದಾರೆ?"

"ಎರಡು ಗೇಣು ಉದ್ದ, ಒಂದು ಗೇಣು ಅಗಲ. ಹೊಸ ಅಳತೆ. ಅಚ್ಚು ನಾವೇ ಹೊಸದಾಗಿ ಮಾಡ್ಕೋಬೇಕು" ಅಂದ್ರು ಹೆಂಗಸರು.

"ಯಾರ ಗೇಣು ಅಂತ ಬರೆದಿದಾರಾ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದ್ರು. ಆಮೇಲೆ ನಕ್ಕರು ನೋಡಿ! ಹೊಟ್ಟೆ ಹಿಡ್ಕೊಂಡು ನಕ್ಕರು.

ಒಂದು ಮನೆಯೋಳು ತೊಟ್ಟಿಲಲ್ಲಿದ್ದ ಕೂಸಿನ ಬೆರಳು ಬಿಡಿಸಿ ಗೇಣು ಹಿಡಿದು ಅಚ್ಚು ಮಾಡಿದ್ಲು. ಇನ್ನೊಬ್ಬಳು ಗರಡಿಯ ಉಸ್ತಾದನ ಕೈ ಇಡಿಸಿ ಅಚ್ಚು ಮಾಡಿದ್ಲು. ಮತ್ತೊಬ್ಬಳು ಬೆರಳು ಸೊಟ್ಟಗಾದ ಮುದುಕನ ಗೇಣು ಹಿಡಿದ್ಲು. ಒಬ್ಬೊಬ್ಬರ ಮನೆ ಹೆಂಚು ಬೇರೆ ಬೇರೆಯಾಗಿ ಪೇರಿಸಿದ್ರು, ನೋಡೋಕೆ ಎಲ್ಲಾ ಅಚ್ಚುಕಟ್ಟು. ಹುಲ್ಲು ಹಾಸಿ ಗಾಡಿಗೆ ತುಂಬಿದ್ರು. ಮುದ್ದಪ್ಪ ಆ ದಿನಗಳಲ್ಲಿ ಊರಲ್ಲೇ ಇರಲಿಲ್ಲ, ರಾಜಧಾನೀಲಿ ಹಡಗಿನೋರ ಹಿಂದೆ ಮುಂದೆ ಓಡಾಡ್ತಿದ್ದ. ಹೊಸ ಚಾವಡಿಗೆ ಹೆಂಚು ಹೊದಿಸೋದನ್ನ ನೋಡೋಕೆ ದೊರೆ ಏಳು ಸೀಮೆಯ ವ್ಯಾಪಾರದೋರನ್ನ ಕರೆಸಿದ್ದ. ನಮ್ಮ ಹೆಂಚಿನ ಮುಂದೆ ಆಚೆಯೋರ ಹೆಂಚು ಯಾವ ಲೆಕ್ಕ ಅಂತ ತೋರಿಸೋ ಆಸೆ ಅವನಿಗೆ.

ಗಾಡಿ ಬಂದ್ವು. ಕೆಂಚಕ್ಕನೂ ಗಾಡಿ ಜೊತೆ ನಡ್ಕೊಂಡೇ ಬಂದ್ಲು. ಚಾವಡಿ ಮೇಲೆ ಮರದ ರೀಪು ಹೊಡೆದು ಸಿದ್ಧ ಮಾಡಿದ್ರು. ಮೊದಲ ಹೆಂಚು ಇಟ್ರು. ಎರಡನೇದು ಇಟ್ರು, ರೀಪಿಗೆ ಸಿಗಲಿಲ್ಲ, ಜಾರಿ ಕೆಳಗೆ ಬಿತ್ತು, ಫಟಾರ್! ಮೂರನೇದು ಇಟ್ರು, ಎರಡು ರೀಪು ದಾಟಿ ಆಚೆ ಚಾಚ್ಕೊಂಡ್ತು. ಒಂದು ಅಂಗೈಯಗಲ, ಒಂದು ಮೊರದಗಲ, ಒಂದು ಸೊಟ್ಟ. ಕೆಲಸದೋನು ಮೇಲಿಂದ ಕೂಗಿದ, "ಸ್ವಾಮೀ, ಇದು ಹೆಂಚಾ, ಹಪ್ಪಳ ಸಂಡಿಗೇನಾ?"

ವ್ಯಾಪಾರದೋರು ಕಿಸಕ್ಕನೆ ನಕ್ಕರು. ಅವರಲ್ಲೊಬ್ಬ ಹಳೇ ಹಡಗಿನೋನು ಮಾತ್ರ ನಗಲಿಲ್ಲ. ಎದ್ದು ನಿಂತು ಹೇಳಿದ, "ದೊರೆಗಳೇ, ಆಚೆ ಸೀಮೆ ಹೆಂಚು ಅಗ್ಗ ಅಂತ ಗೊತ್ತು. ಆದ್ರೂ ನಾನು ನಿಮ್ಮ ಹತ್ರ ಬರ್ತಿದ್ದದ್ದು ಯಾಕೆ? ನಿಮ್ಮ ಅಳತೆ ಅಲುಗಾಡ್ತಿರಲಿಲ್ಲ. ಅದೂ ಹೋದ ಮೇಲೆ ನಾನು ಅಗ್ಗದ್ದನ್ನೇ ಕೊಳ್ಳಬಾರದಾ?"

ದೊರೆ ಮುಖ ಕಾದ ಕಾವಲಿ ಆಯ್ತು. "ಯಾರು ಮಾಡಿದ್ದು ಈ ಹೆಂಚು?"

"ನಮ್ಮ ಬೀದಿಯೋರು, ಮಾಡಿಸಿದ್ದು ನಾನು" ಅಂತ ಕೆಂಚಕ್ಕ ಮುಂದೆ ಬಂದ್ಲು. ಕಾಲಲ್ಲಿ ದಾರಿ ಧೂಳು, ಕೈಯಲ್ಲಿ ಏನಿಲ್ಲ.

"ಎರಡು ಗೇಣು, ಒಂದು ಗೇಣು ಅಂತ ಬರೆದು ಕಳಿಸಿರಲಿಲ್ವಾ?"

"ಕಳಿಸಿದ್ರಿ. ಹಂಗೇ ಮಾಡಿದೀವಿ. ಇದು ಕೂಸಿನ ಗೇಣು, ಇದು ಉಸ್ತಾದನ ಗೇಣು, ಇದು ಪಾಪ ಸೊಟ್ಟ ಬೆರಳಿನ ಮುದುಕಪ್ಪಂದು. ಎಲ್ಲಾ ಗೇಣೇ ಸ್ವಾಮಿ. ಯಾರ ಗೇಣು ಅಂತ ನೀವು ಬರೆದಿರಲಿಲ್ಲ."

"ಏನು ತಲೆಹರಟೆ! ಗೇಣು ಅಂದ್ರೆ ಎಷ್ಟು ಅಂತ ಎಲ್ಲರಿಗೂ ಗೊತ್ತಲ್ವಾ?"

"ಮೊಣಕಾಲು ಅಂದ್ರೆ ಎಷ್ಟು ಅಂತ್ಲೂ ಎಲ್ಲರಿಗೂ ಗೊತ್ತಿತ್ತು ಸ್ವಾಮಿ."

ಮಂತ್ರಿ ಗಂಟಲು ಸರಿ ಮಾಡ್ಕೊಳ್ಳೋಕೆ ನೋಡಿದ, ಸ್ವರಾನೇ ಹೊರಡಲಿಲ್ಲ.

ದೊರೆ ಎದ್ದು ನಿಂತ. "ಇವಳನ್ನ ಸೆರೆಮನೆಗೆ ಹಾಕಿ! ಮೂರಾಳೆತ್ತರದ ಗೋಡೆ ಹಿಂದೆ ಹಾಕಿ!"

"ಹಾಕಿ ಸ್ವಾಮಿ, ಬಂದಿರೋದೇ ಅದಕ್ಕೆ. ಆದ್ರೆ ಯಾವ ಆಳು ಅಂತ ಮೊದಲು ಹೇಳಿಬಿಡಿ. ತೊಟ್ಟಿಲ ಕೂಸಿನ ಎತ್ತರದ ಆಳಾದ್ರೆ ಗೋಡೆ ದಾಟ್ಕೊಂಡು ಸಂಜೆ ಊಟಕ್ಕೆ ಮನೆಗೆ ಹೋಗ್ತೀನಿ. ಕಲ್ಲಿನ ಕಾವಲುಗಾರನ ಎತ್ತರದ್ದಾದ್ರೆ ಗೋಡೆ ಕಟ್ಟೋಕೆ ನಿಮ್ಮ ಹತ್ರ ಇಟ್ಟಿಗೆ ಇಲ್ಲ. ಇಟ್ಟಿಗೆಗೆ ಮಣ್ಣಿಲ್ಲ. ಮಣ್ಣು ಕಲಸೋಕೆ ನಮ್ಮ ಕೆರೇಲಿ ನೀರೂ ಇರಲ್ಲ!"

ಹಳೇ ಹಡಗಿನೋನು ಈಗ ನಕ್ಕ. ಗಡ್ಡ ಅಲ್ಲಾಡೋ ಹಂಗೆ ನಕ್ಕ. ಅವನು ನಕ್ಕಿದ್ದು ನೋಡಿ ಉಳಿದೋರೂ ನಕ್ಕರು. ದೊರೆ ಕಿವಿ ಕೆಂಪಾಯ್ತು. ಆದ್ರೆ ದಡ್ಡನಾ ಅವನು? ಅಲ್ಲ, ಹುಡುಗ ಅಷ್ಟೇ. ನಿಧಾನಕ್ಕೆ ಕೂತ್ಕೊಂಡ. ಒಡೆದ ಹೆಂಚಿನ ಚೂರು ಕೈಗೆ ತಗೊಂಡು ತಿರುಗಿಸಿ ನೋಡಿದ. ಚೂರಿನ ಮಧ್ಯೆ ಗೊರಚಿನ ಕಲ್ಲು ಕಾಣ್ತಿತ್ತು. ಆನೆ ಗುಂಡಿಯ ಮಣ್ಣಲ್ವಾ!

"ಕೆಂಚಕ್ಕ, ನಿನ್ನ ಮಾತು ಸರಿ ಇರಬಹುದು. ಮುದ್ದಪ್ಪನ ಮಾತೂ ಸುಳ್ಳಲ್ಲ. ಮುನ್ನೂರು ಮನೆ ಹೊಟ್ಟೆಪಾಡು. ಮಣ್ಣು ಎಲ್ಲಿಂದ ತರಲಿ?" ಅಂದ.

ಇದಪ್ಪ ಕೇಳಬೇಕಾದ ಮಾತು! ಇಷ್ಟು ದಿನದಲ್ಲಿ ಈ ಪ್ರಶ್ನೆ ಯಾರಾದ್ರೂ ಅವಳನ್ನ ಕೇಳಿದ್ರಾ? ಇಲ್ಲ. ಕೇಳಿದ ಕೂಡಲೇ ಅವಳ ಬಾಯಲ್ಲಿ ಉತ್ತರ ರೆಡಿ.

"ನಿಮ್ಮ ಸೀಮೇಲಿ ಕೆರೆ ಎಷ್ಟಿದಾವೆ ಸ್ವಾಮಿ? ನಲವತ್ತು. ಮೂವತ್ತೊಂಬತ್ತು ಹೂಳು ತುಂಬಿ ಎಮ್ಮೆ ಮಲಗೋ ಬಯಲಾಗಿ ಬಿದ್ದಿದಾವೆ. ಹೂಳು ಯಾರಾದ್ರೂ ತೆಗೀರಪ್ಪಾ ಅಂತ ಆ ಊರೋರು ಬಾಯಿ ಬಾಯಿ ಬಡ್ಕೊಳ್ತಿದಾರೆ. ನಲವತ್ತು ಕೆರೇಲೂ ಮೊಣಕಾಲುದ್ದ ತೆಗೀರಿ. ಎಷ್ಟು ಮಣ್ಣು ಬೇಕು ನಿಮಗೆ? ಹತ್ತು ಆವಿಗೆ ಅಲ್ಲ, ನೂರು ಆವಿಗೆ ಉರಿಸಿ!"

ವ್ಯಾಪಾರದೋರ ನಡುವೆ ಕೂತಿದ್ದ ಮುದ್ದಪ್ಪ ತಡಕೊಳ್ಳಲಾರದೆ ಎದ್ದ. "ಸ್ವಾಮೀ, ಅಷ್ಟು ದೂರದಿಂದ ಗಾಡಿ ಕಟ್ಟಿ ಮಣ್ಣು ತಂದ್ರೆ ನಮ್ಮ ಹೆಂಚಿನ ಬೆಲೆ ಮುಗಿಲಿಗೆ ಹೋಗುತ್ತೆ. ಆಚೆಯೋರು ನುಂಗಿ ಹಾಕ್ತಾರೆ!"

"ಗಾಡಿ ಅರಮನೆದಾಗಲಿ. ಅರಮನೆ ಎತ್ತು ವರ್ಷಕ್ಕೆ ಎಂಟು ತಿಂಗಳು ಮೇಯ್ತಾ ನಿಂತಿರ್ತಾವೆ. ಕೆರೆ ತುಂಬಿದ್ರೆ ದೊರೆಗೇ ತಾನೆ ಒಳ್ಳೇದು? ಹೂಳೆತ್ತೋ ಕೆಲಸ ಸಾಹುಕಾರ್ರು ಮಾಡಲಿ, ಸಾಗಿಸೋ ಕೆಲಸ ಅರಮನೆ ಮಾಡಲಿ. ಇನ್ನು ಆಚೆಯೋರ ಮಾತು. ನಮ್ಮ ಗಡಿ ಸುಂಕದ ಕಟ್ಟೇಲಿ, ನಮ್ಮ ಹಡಗಿನ ಕಟ್ಟೇಲಿ ಒಂದು ಮಾತು ಕೇಳಲಿ: ನಿನ್ನ ಗುಂಡಿ ತೋರಿಸು. ಮೊಣಕಾಲುದ್ದ ಇತ್ತಾ, ಬಾರಪ್ಪ, ನಮ್ಮ ಸಂತೇಲಿ ಕೂತು ಮಾರು. ಆಳುದ್ದ ಇತ್ತಾ, ಆ ಹೆಂಚು ಬೆಟ್ಟದಾಚೆಗೇ ಇರಲಿ. ನಾವು ಕಟ್ಟಳೆ ಪಾಲಿಸಿ ಬಡವರಾಗೋದು, ಅವರು ಹೊಳೆ ತಿಂದು ಶ್ರೀಮಂತರಾಗೋದು, ಇದ್ಯಾವ ನ್ಯಾಯ?"

ಹಡಗಿನೋನು ತಲೆ ಆಡಿಸಿದ. "ಗುಂಡಿ ನೋಡಿ ಮುದ್ರೆ ಒತ್ತಿದ ಹೆಂಚಿಗೆ ನಾನು ಒಂದು ಪಾಲು ಜಾಸ್ತಿ ಕೊಡ್ತೀನಿ. ಮನೆ ಮೇಲೆ ಒಡೆಯದ ಹೆಂಚು ನನಗೆ ಬೇಕಾಗಿರೋದು" ಅಂದ.

ದೊರೆ ಮಂತ್ರಿ ಕಡೆ ನೋಡಿದ. ಮಂತ್ರಿ ನೆಲ ನೋಡಿದ.

"ಬರೀರಿ. ಕಲ್ಲಿಗೆ ಇನ್ನೊಂದು ಸಾಲು ಕೊರೆಸಿ. ಮೊಣಕಾಲು ಅಂದ್ರೆ ಕುಂಬಾರರ ಬೀದಿ ಕೆಂಚಕ್ಕನ ಮೊಣಕಾಲು" ಅಂದ ದೊರೆ.

ಗಾಡಿ ಜೊತೆ ಬಂದಿದ್ದ ಊರೋರು ಹೋ ಅಂದ್ರು. ನೀವಾಗಿದ್ರೆ ಏನು ಮಾಡ್ತಿದ್ರಿ? ಕಲ್ಲಲ್ಲಿ ಹೆಸರು! ಸತ್ತ ಮೇಲೂ ಅಳಿಯದ ಹೆಸರು! ಕೈ ಮುಗಿದು ಮನೆಗೆ ಬರ್ತಿದ್ರಿ. ಕೆಂಚಕ್ಕ ಏನಂದ್ಲು?

"ಬೇಡ" ಅಂದ್ಲು.

"ಯಾಕೆ? ಇಷ್ಟು ಹೊತ್ತು ಜಗಳ ಆಡಿದ್ದು ಇದಕ್ಕೇ ಅಲ್ವಾ?"

"ನನ್ನ ಹೆಸರಿಗಲ್ಲ ಸ್ವಾಮಿ, ನನ್ನ ಕೆರೆಗೆ. ನಾನು ನಾಳೆ ಸತ್ರೆ ಯಾವುದೋ ಏಣಿ ತಂದು ಇದೇ ಕೆಂಚಕ್ಕನ ಕಾಲು ಅಂತೀರಿ. ಸಾಯದೇ ಇದ್ರೆ ಸಾಹುಕಾರ್ರು ದಿನಾ ನನ್ನ ಮನೆಗೆ ತುಪ್ಪ ಕಳಿಸ್ತಾರೆ, ಒಂದಿನ ನನ್ನ ಬಾಯಿ ಸಾಕು ಅನ್ನೋದು ಮರೆಯುತ್ತೆ. ನಾನೇನು ದೇವರಾ? ಹಂಗಲ್ಲ, ಹಿಂಗೆ ಬರೀರಿ. ಯಾವ ಕೆರೆಯ ಮಣ್ಣು ತೆಗೀತೀರೋ, ಆ ಕೆರೆಯ ನೀರು ಕುಡಿಯೋ ಹಿರಿಯರಲ್ಲಿ ಎಲ್ಲರಿಗಿಂತ ಗಿಡ್ಡ ಯಾರೋ, ಅವರ ಮೊಣಕಾಲು. ಅವರು ಸಾಕು ಅಂದ್ರೆ ಸಾಕು. ದೊರೆ ಬಂದು ಅಗಿ ಅಂದ್ರೂ ಅಗೀಬಾರದು."

"ದೊರೆ ಅಂದ್ರೂನಾ?" ಅಂದ ದೊರೆ.

"ದೊರೆ ಅಂದ್ರೂನೂ!" ಅಂದ್ಲು ಕೆಂಚಕ್ಕ.

ಬರೆದ್ರು. ಕೊರೆದ್ರು. ನಲವತ್ತು ಕೆರೆ ಏರಿ ಮೇಲೂ ಕಲ್ಲು ನಿಂತ್ವು. ಅರಮನೆ ಎತ್ತು ನೊಗಕ್ಕೆ ಕತ್ತು ಕೊಟ್ವು. ಆನೆ ಗುಂಡಿಗೆ ದೂರದ ಕೆರೆಯ ಜೇಡಿ ತಂದು ಹಾಕಿ, ಕುಂಬಾರರ ಬೀದಿ ಹೆಂಗಸರೆಲ್ಲ ಇಳಿದು ತುಳಿದು ತಳ ಗಟ್ಟಿ ಮಾಡಿದ್ರು. ಆ ವರ್ಷ ಮಳೆಗೆ ಕೆರೆ ಕೋಡಿ ಬಿತ್ತು. ಆಚೆ ಸೀಮೆಯೋರು ಗಡೀಲಿ ಎರಡು ವರ್ಷ ಕೂಗಾಡಿದ್ರು, ಮೂರನೇ ವರ್ಷ ಅವರೂ ಒಂದು ಕಲ್ಲು ನೆಟ್ರು.

ಈಗ ಮುದ್ದಪ್ಪನ ಕಥೆ ಏನಾಯ್ತು? ಕೇಳಿ, ಇಲ್ಲೇ ಇರೋದು. ಹೊಸ ಕಟ್ಟಳೆ ಬಂದ ಮೊದಲ ಬೇಸಿಗೆ, ನಮ್ಮ ಕಥೆಯ ದೊಡ್ಡ ಕೆರೆಗೇ ಗುದ್ದಲಿ ಇಳೀತು. ಮುದ್ದಪ್ಪ ಒಳಗೊಳಗೇ ಖುಷಿಯಾಗಿದ್ದ. ಕೆಂಚಕ್ಕನ ಕಾಟ ತಪ್ಪಿತು, ಯಾರೋ ಬಡಪಾಯಿ ಗಿಡ್ಡ ಸಿಗ್ತಾನೆ, ಒಂದು ಪಂಚೆ ಕೊಟ್ಟು ನಾಲ್ಕು ಬೆರಳು ಹೆಚ್ಚು ಆಳ ಹೋದ್ರಾಯ್ತು ಅಂತ ಲೆಕ್ಕ ಹಾಕಿದ್ದ. ಊರ ಹಿರಿಯರನ್ನೆಲ್ಲ ಏರಿ ಮೇಲೆ ಸಾಲಾಗಿ ನಿಲ್ಲಿಸಿದ್ರು. ಕೆಂಚಕ್ಕನ ಅಳೆದ್ರು, ಅವಳಿಗಿಂತ ಗಿಡ್ಡ ಒಬ್ಬ ಸಿಕ್ಕಿದ. ಅವನಿಗಿಂತ ಗಿಡ್ಡ ಇನ್ನೊಬ್ಬಳು ಸಿಕ್ಕಿದ್ಲು. ಸಾಲಿನ ಕೊನೆಗೆ ಊರುಗೋಲು ಟಕ್ ಟಕ್ ಅನ್ನಿಸ್ಕೊಂಡು ಒಂದು ಮುದುಕಿ ಬಂತು. ತೊಂಬತ್ತು ದಾಟಿದ ಜೀವ, ನಡು ಬಾಗಿ ಬಾಗಿ ಕುಕ್ಕೆಯಷ್ಟು ಆಗಿತ್ತು. ಅವಳಿಗಿಂತ ಗಿಡ್ಡ ಆ ಊರಲ್ಲಿ ಯಾರೂ ಇರಲಿಲ್ಲ.

ಮುದ್ದಪ್ಪ ನೋಡ್ತಾನೆ, ಅವನ ಹೆತ್ತವ್ವ!

"ಅವ್ವಾ, ಈ ಬಿಸಿಲಲ್ಲಿ ನೀನ್ಯಾಕೆ ಬಂದೆ? ಮನೆಗೆ ಹೋಗು."

"ಯಾಕೋ? ನಾನೂ ಈ ಕೆರೆ ನೀರೇ ಕುಡಿಯೋದು. ಈ ನೀರು ಕುಡಿದೇ ನಿನಗೆ ಹಾಲು ಕೊಟ್ಟಿದ್ದು. ಇಳಿಸೋ ನನ್ನ ಗುಂಡಿಗೆ!"

ಇಳಿಸಿದ್ರು. ಒಂದು ಗುದ್ದಲಿ ಹಾಕಿದ್ರು, ಎರಡು ಗುದ್ದಲಿ ಹಾಕಿದ್ರು. ಮೂರನೇದು ಎತ್ತಿದ್ರೋ ಇಲ್ವೋ, ಮುದುಕಿ ಊರುಗೋಲು ಎತ್ತಿ ಮೇಲೆ ಹಿಡೀತು. "ಸಾಕು!" ಅಂತು. ಆ ಸ್ವರ ಆಚೆ ದಡಕ್ಕೂ ಕೇಳಿಸ್ತು ಅಂತಾರೆ, ನಾನು ಅಲ್ಲಿರಲಿಲ್ಲ.

ಮುದ್ದಪ್ಪ ಬಗ್ಗಿ ಬೇಡ್ಕೊಂಡ, "ಅವ್ವಾ, ನಾಲ್ಕೇ ನಾಲ್ಕು ಬೆರಳು..."

"ಸಾಕು ಅಂದೆ ಮಗನೇ. ಈಗ ನನ್ನ ಎತ್ಕೊಂಡು ಮನೆಗೆ ನಡಿ."

ಸಾಹುಕಾರ ಆಳುಗಳ ಕೈಲಿ ಗುದ್ದಲಿ ಕೆಳಗಿಡಿಸಿದ. ಗುಂಡಿಗಿಳಿದು ಹೆತ್ತವ್ವನ ಕಂಕುಳಲ್ಲಿ ಎತ್ಕೊಂಡು, ತಲೆ ತಗ್ಗಿಸ್ಕೊಂಡು ಏರಿ ಹತ್ತಿದ. ಆ ಬೇಸಿಗೆಯಿಂದ ಇವತ್ತಿನವರೆಗೆ ಆ ಊರಲ್ಲಿ ಮಣ್ಣಿಗೆ ಹೋಗೋ ಸಾಹುಕಾರರು ಯಾರೇ ಆಗಲಿ, ಮೊದಲು ಮನೆ ಮುದುಕಿಗೆ ಕೈಮುಗಿದು ಆಮೇಲೆ ಗುದ್ದಲಿ ಹಿಡೀತಾರೆ.

ಅವರ ಕೆರೆ ಅಲ್ಲಿ ತುಂಬಿತು, ನಮ್ಮ ಮಾತು ಇಲ್ಲಿ ತುಂಬಿತು. ಹೇಳಿದ ಬಾಯಿಗೆ ಎಲೆಅಡಿಕೆ ಕೊಡಿ, ಕೇಳಿದ ಕಿವಿಗೆ ಹೂ ಮುಡೀರಿ, ಹೂಂ ಅಂದೋರ ಮನೆ ಗಡಿಗೆ ಎಂದೂ ಬತ್ತದಿರಲಿ. ಏಳಿ ಇನ್ನು, ನಿಮ್ಮ ನಿಮ್ಮ ಕೆಲಸ ನೋಡ್ಕೊಳ್ಳಿ.